ತೂರಾಡುವ ನಾಯಿಗೆ ಮನೆಯ ಪರಿಚಯ

ದತ್ತು ನಾಯಿಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ಬಗೆಯವು. ಮನೆಗೆ ತಂದ ನಾಯಿಗೆ ನರಸಂಬಂಧಿ ತೊಂದರೆ ಇದೆ, ಅದನ್ನು ಮನೆಗೆ ಹೊಂದಿಸಿಕೊಳ್ಳುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಹನ್ನೆರಡು ದಿನಗಳ ಹಿಂದೆ ಆಶ್ರಯಧಾಮದಿಂದ ಸುಮಾರು ಎರಡು ವರ್ಷದ ಹೆಣ್ಣುನಾಯಿಯೊಂದನ್ನು ತಂದೆವು. ಕಾಲುಗಳನ್ನು ಅಗಲಿಸಿ ನಿಲ್ಲುತ್ತದೆ, ಕುಡಿದವರ ಹಾಗೆ ತೂರಾಡುತ್ತ ನಡೆಯುತ್ತದೆ, ಬಟ್ಟಲಿನ ಹತ್ತಿರ ಬಂದರೆ ತಲೆ ಗಡಗಡ ಅಲುಗುತ್ತದೆ. ಕೊಟ್ಟ ಕಾಗದದಲ್ಲಿ ‘ನರದ ಸಮಸ್ಯೆ’ ಎಂದಷ್ಟೇ ಇದೆ. ನುಣುಪು ನೆಲದ ಮೇಲೆ ದಿನಕ್ಕೆ ಹತ್ತು ಸಲ ಬೀಳುತ್ತದೆ. ಮೊನ್ನೆ ಬಿದ್ದಾಗ ಹಿಂದಿನಿಂದ ಎತ್ತಲು ಹೋದೆ, ಕೈಗೆ ಬಾಯಿ ಹಾಕಿತು; ಹಲ್ಲು ತಾಗಿತು, ಚರ್ಮ ಹರಿಯಲಿಲ್ಲ. ಮಲಗಿದಲ್ಲೇ ಮೂತ್ರ ಮಾಡಿಕೊಳ್ಳುತ್ತದೆ. ಮೂರು ದಿನದಲ್ಲಿ ಹೊಂದಿಕೊಳ್ಳುತ್ತದೆ ಎಂದು ಹೇಳಿ ಕಳಿಸಿದ್ದರು. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ತೂರಾಟದ ಕಡೆಗಲ್ಲ, ಹಲ್ಲು ತಾಗಿದ್ದರ ಕಡೆಗೆ. ಕೈಯನ್ನು ಒಳ್ಳೆಯ ಬೆಳಕಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ರಕ್ತ ಬಾರದ ಗೀರೊಂದು ಕಂಡರೂ, ನಾಯಿಯ ಲಸಿಕೆಯ ದಾಖಲೆ ಖಚಿತವಿಲ್ಲದಿದ್ದರೆ, ಕೂಡಲೇ ವೈದ್ಯರ ಬಳಿಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಮುಂದೆ ಎಂದಾದರೂ ಹೀಗಾದರೆ ಆ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯುವುದು ಮೊದಲ ಕೆಲಸವಾಗಲಿ. ರೇಬೀಸ್ ಲಕ್ಷಣ ತೋರುವ ನಾಯಿ ಸಾಮಾನ್ಯವಾಗಿ 10 ದಿನಗಳೊಳಗೆ ಸಾಯುತ್ತದೆ; ನಿಮ್ಮ ನಾಯಿ ಹನ್ನೆರಡು ದಿನಗಳಿಂದ ಒಂದೇ ರೀತಿ ಇರುವುದು ಸಮಾಧಾನದ ಸಂಗತಿಯೇ ಸರಿ. ಆದರೂ ಆ ಲೆಕ್ಕವನ್ನು ನಂಬಿ ಲಸಿಕೆಯನ್ನು ಮುಂದೂಡಬಾರದು. ಬೀದಿಯಿಂದ ನೇರವಾಗಿ ತಂದ ನಾಯಿಯಲ್ಲಿ ತೂರಾಟ, ಜೊಲ್ಲು, ನುಂಗಲಾಗದಿರುವುದು ಅಥವಾ ಕಾರಣವಿಲ್ಲದ ಕೆರಳುವಿಕೆ ಈಚೆಗೆ ಶುರುವಾಗಿ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಅದು ಅಂಕಣಕ್ಕೆ ಪತ್ರ ಬರೆಯುವ ವಿಷಯವಲ್ಲ. ಅಂಥ ನಾಯಿಯನ್ನು ಯಾರೂ ಮುಟ್ಟದೆ ಪಶುವೈದ್ಯರನ್ನು ಕರೆಯಬೇಕು.

ಇನ್ನು ‘ನರದ ಸಮಸ್ಯೆ’ಯ ಮಾತು. ಇದು ರೋಗದ ಹೆಸರೇ ಅಲ್ಲ. ‘ವಾಹನ ಕೆಟ್ಟಿದೆ’ ಎಂದಷ್ಟೇ ಬರೆದುಕೊಟ್ಟರೆ ಎಷ್ಟು ತಿಳಿಯುತ್ತದೋ ಇದರಿಂದಲೂ ಅಷ್ಟೇ ತಿಳಿಯುತ್ತದೆ. ದೊಡ್ಡ ಮೆದುಳು, ಕಿರುಮೆದುಳು, ಒಳಕಿವಿಯ ಸಮತೋಲನದ ಅಂಗ, ಬೆನ್ನುಹುರಿ, ಕೈಕಾಲಿನ ನರಗಳು, ಇವುಗಳಲ್ಲಿ ಯಾವುದು ಕೆಟ್ಟರೂ ನಾಯಿ ನೆಟ್ಟಗೆ ನಡೆಯಲಾರದು. ಆದರೆ ಒಂದೊಂದರ ದಾರಿಯೂ ಬೇರೆ. ನೀವು ವಿವರಿಸಿದ ಅಗಲ ಕಾಲಿನ ನಿಲುವು, ಗುರಿ ಹತ್ತಿರವಾದಂತೆ ಹೆಚ್ಚಾಗುವ ತಲೆಯ ನಡುಕ, ಇವೆರಡೂ ಸೇರಿದರೆ ಪಶುವೈದ್ಯರು ಮೊದಲು ಅನುಮಾನಿಸುವುದು ಕಿರುಮೆದುಳನ್ನು. ಹುಟ್ಟುವಾಗಲೇ ಕಿರುಮೆದುಳು ಸರಿಯಾಗಿ ಬೆಳೆದಿರದಿದ್ದರೆ ಆ ದೋಷ ಗುಣವಾಗುವುದಿಲ್ಲ, ಹೆಚ್ಚಾಗುವುದೂ ಇಲ್ಲ. ಅಂಥ ನಾಯಿಗೆ ಸ್ನಾಯುಗಳ ಬಲ ಇರುತ್ತದೆ, ಬುದ್ಧಿ ಇರುತ್ತದೆ. ಎಷ್ಟು ದೂರಕ್ಕೆ ಎಷ್ಟು ಹೆಜ್ಜೆ ಎಂಬ ಅಳತೆ ಮಾತ್ರ ಸಿಕ್ಕುವುದಿಲ್ಲ. ಆದರೆ ಇದೇ ಚಿತ್ರ ತಿಂಗಳಿಂದ ತಿಂಗಳಿಗೆ ಕೆಡುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಕೆಲವು ಸಲ ಔಷಧಿಯಿಂದಲೂ ಹೀಗಾಗುವುದುಂಟು: ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಪ್ರಮಾಣ ಮೀರಿದರೆ ನಾಯಿ ತೂರಾಡುತ್ತದೆ, ನಿಲ್ಲಿಸಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಹಾಗಾಗಿ ಆಶ್ರಯಧಾಮದವರನ್ನು ಮತ್ತೆ ಸಂಪರ್ಕಿಸಿ, ಈ ನಡಿಗೆ ಎಂದಿನಿಂದ ಇದೆ, ಬಂದ ದಿನ ಇದ್ದದ್ದಕ್ಕಿಂತ ಹೆಚ್ಚಾಯಿತೇ, ಯಾವ ಔಷಧಿ ಕೊಟ್ಟಿದ್ದರು, ಹಳೆಯ ವಿಡಿಯೊ ಇದೆಯೇ ಎಂದು ಕೇಳಿ.

ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಒಂದೇ ಮಾತಿಗೆ ಬರುತ್ತದೆ. ಆರೋಗ್ಯವಂತ ನಾಯಿ ಹೇಗಿರಬೇಕು ಎಂಬುದು ನಮಗೆಲ್ಲ ಗೊತ್ತು. ಈ ನಾಯಿ ಹೇಗಿದ್ದರೆ ಅದು ‘ಎಂದಿನಂತೆ’ ಇದೆ ಎಂಬುದು ನಿಮಗೆ ಗೊತ್ತಿಲ್ಲ, ಕಳಿಸಿಕೊಟ್ಟವರಿಗೂ ಪೂರ್ತಿ ಗೊತ್ತಿರಲಾರದು. ಮೊದಲ ತಿಂಗಳ ಮುಖ್ಯ ಕೆಲಸ ಅದನ್ನು ತಿಳಿಯುವುದು. ವಾರಕ್ಕೊಮ್ಮೆ, ಅದೇ ದಿನ, ಅದೇ ಜಾಗದಲ್ಲಿ ವಿಡಿಯೊ ತೆಗೆಯಿರಿ: ನಿಮ್ಮ ಕಡೆಗೆ ಹತ್ತು ಹೆಜ್ಜೆ, ನಿಮ್ಮಿಂದ ಆಚೆಗೆ ಹತ್ತು ಹೆಜ್ಜೆ, ಪಕ್ಕದಿಂದ ಒಂದು ನೋಟ, ತಿನ್ನುವಾಗ, ಮಲಗಿದಲ್ಲಿಂದ ಏಳುವಾಗ. ಕ್ಯಾಮೆರಾ ನಾಯಿಯ ಎತ್ತರಕ್ಕೆ ಇರಲಿ. ಚಿಕಿತ್ಸಾ ಕೊಠಡಿಯ ಮೇಜಿನ ಮೇಲೆ ಹೆದರಿ ಕಲ್ಲಾಗಿ ಕುಳಿತ ನಾಯಿಯನ್ನು ಪರೀಕ್ಷಿಸುವುದಕ್ಕಿಂತ ಇಂಥ ನಾಲ್ಕು ವಿಡಿಯೊಗಳಿಂದ ನನಗೆ ತಿಳಿಯುವುದು ಎಷ್ಟೋ ಹೆಚ್ಚು.

ಮನೆಯಲ್ಲಿ ಸದ್ಯಕ್ಕೆ ಅದಕ್ಕೆ ಒಂದೇ ಕೋಣೆ ಸಾಕು. ಇಡೀ ಮನೆಯನ್ನು ತೋರಿಸುವ ಉತ್ಸಾಹ ನಿಮ್ಮದು, ಅದರದ್ದಲ್ಲ. ನೆಲಕ್ಕೆ ಜಾರದ ಮ್ಯಾಟುಗಳನ್ನು ಹಾಸುವಾಗ ಅಲ್ಲೊಂದು ಇಲ್ಲೊಂದು ಬಿಡಿಬಿಡಿಯಾಗಿ ಹಾಕಬೇಡಿ. ಇಂಥ ನಾಯಿ ಒಂದು ಮ್ಯಾಟಿನ ಅಂಚಿಗೆ ಬಂದು, ಮುಂದಿನದಕ್ಕೆ ದಾಟಲಾರದೆ, ಗಂಟೆಗಟ್ಟಲೆ ಅಲ್ಲೇ ನಿಂತಿರುತ್ತದೆ. ಮಲಗುವ ಜಾಗ, ನೀರು, ಬಾಗಿಲು ಈ ಮೂರನ್ನೂ ಸೇರಿಸುವ ಒಂದೇ ಹಾದಿ ಇರಲಿ. ಉಗುರು ಬೆಳೆದಿದ್ದರೆ ಕತ್ತರಿಸಿ, ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ತೆಗೆಯಿರಿ. ಜಾರುವಿಕೆಯಲ್ಲಿ ಅವುಗಳ ಪಾಲೂ ಇರುತ್ತದೆ. ಕುರ್ಚಿ, ಮೇಜುಗಳನ್ನು ಕೆಲವು ತಿಂಗಳು ಅಲುಗಿಸಬೇಡಿ. ನನ್ನ ಮನೆಯಲ್ಲಿ ಎಂಟು ವರ್ಷ ಇದ್ದ ಇಂಥದೇ ನಾಯಿಯೊಂದು ಎಡ ಭುಜವನ್ನು ಗೋಡೆಗೆ ಆನಿಸಿಕೊಂಡೇ ನಡೆಯುತ್ತಿತ್ತು. ನೆಲದಿಂದ ಮೊಳದೆತ್ತರದಲ್ಲಿ ಗೋಡೆಯುದ್ದಕ್ಕೂ ಕಂದುಬಣ್ಣದ ಪಟ್ಟಿಯೊಂದು ಬಿದ್ದಿತ್ತು, ಬಾಗಿಲ ಚೌಕಟ್ಟಿನ ಬಳಿ ಅದು ತುಂಬ ಗಾಢವಾಗಿತ್ತು. ಬಣ್ಣ ಬಳಿಯಲು ಬಂದವರು ಆ ಗೋಡೆಯ ಪಕ್ಕ ಏಣಿ ನಿಲ್ಲಿಸಿದ ದಿನ ಅದು ಊಟಕ್ಕೇ ಬರಲಿಲ್ಲ.

ಬಟ್ಟಲು ಅಗಲವಾಗಿ, ಭಾರವಾಗಿ, ನಾಯಿಯ ಎದೆಯೆತ್ತರದಲ್ಲಿರಲಿ. ಅದು ಮೂಲೆಗೋ ಗೋಡೆಗೋ ಒರಗಿ ನಿಲ್ಲುವಂತೆ ಇಟ್ಟರೆ, ದೇಹಕ್ಕೆ ಆಸರೆ ಸಿಕ್ಕಿ ತಲೆಯ ನಡುಕ ಎಷ್ಟೋ ಇಳಿಯುತ್ತದೆ. ಮೂಗು ಅಂಚಿಗೆ ಬಡಿದು ನೀರು ಮುಖಕ್ಕೆ ಚಿಮ್ಮಿದರೆ ಕೆಲವು ನಾಯಿಗಳು ಬಾಯಾರಿಕೆ ಇದ್ದರೂ ಬಟ್ಟಲಿನಿಂದ ದೂರ ಸರಿಯುತ್ತವೆ. ಅಂಥವಕ್ಕೆ ಊಟದಲ್ಲೇ ನೀರು ಬೆರೆಸಿಕೊಡಿ. ತಿಂದ ಕೂಡಲೇ ಅಗಿಯದ ಊಟ ಹಾಗೆಯೇ ಹಿಂದಕ್ಕೆ ಬರುತ್ತಿದ್ದರೆ, ಇಲ್ಲವೆ ತಿನ್ನುವಾಗ ಕೆಮ್ಮುತ್ತಿದ್ದರೆ, ಅದನ್ನು ಬೇಗ ವೈದ್ಯರಿಗೆ ತಿಳಿಸಿ. ಊಟ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಅಲ್ಲಿದೆ.

ಅದು ನಿಮ್ಮ ಕೈಗೆ ಬಾಯಿ ಹಾಕಿದ್ದನ್ನು ದುಷ್ಟತನವೆಂದು ಎಣಿಸಬೇಡಿ. ಬಿದ್ದ ಗಾಬರಿಯಲ್ಲಿ, ಕಾಣದ ಕಡೆಯಿಂದ, ನೆಲದ ಆಸರೆಯೂ ತಪ್ಪುವಂತೆ ಯಾರೋ ಹಿಡಿದೆತ್ತಿದರೆ ಯಾವ ನಾಯಿಯಾದರೂ ಹಾಗೆಯೇ ಮಾಡೀತು. ಇನ್ನು ಮುಂದೆ ಮೊದಲು ಹೆಸರು ಹಿಡಿದು ಕರೆಯಿರಿ, ಕೈಯನ್ನು ಅದರ ಕಣ್ಣೆದುರಿಗೆ ತನ್ನಿ, ಆಮೇಲೆ ಭುಜವನ್ನು ಮುಟ್ಟಿ. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಇರಲಿ. ಪ್ರತಿ ಸಲ ಬಿದ್ದಾಗಲೂ ಓಡಿಹೋಗಿ ಎತ್ತುವ ಅಗತ್ಯವೂ ಇಲ್ಲ. ತಾನಾಗಿ ಏಳುವ ಉಪಾಯವನ್ನು ಅದು ಕಂಡುಕೊಳ್ಳಬೇಕು. ಸದಾ ಎತ್ತಿಕೊಂಡು ತಿರುಗಿದರೆ ಸ್ನಾಯುಗಳು ಸೊರಗುತ್ತವೆ. ಹೊರಗೆ ಕರೆದೊಯ್ಯುವಾಗ ಕೊರಳಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಬಳಸಿ. ಮೆಟ್ಟಿಲಿಗೆ ಅಡ್ಡಗೇಟು ಇರಲಿ. ನೀರು ತುಂಬಿದ ತೊಟ್ಟಿ, ಕೊಳಗಳ ಹತ್ತಿರ ಅದನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಈಜು ಬರುತ್ತದೆ ಎಂದು ನಂಬಿದ ನಾಯಿಗೂ ನೀರಿನಲ್ಲಿ ಮೇಲು ಕೆಳಗು ತಪ್ಪಬಹುದು.

ಮೂತ್ರದ ವಿಷಯದಲ್ಲಿ ಒಂದನ್ನು ಗಮನಿಸಿ. ನಿದ್ದೆಯಲ್ಲಿ ತಿಳಿಯದೆ ಸೋರುತ್ತಿದೆಯೇ, ಅಥವಾ ಎಚ್ಚರವಾಗಿ, ಏಳಲು ಹೆಣಗಿ, ಆಗದೆ ಅಲ್ಲೇ ಮಾಡಿಕೊಳ್ಳುತ್ತಿದೆಯೇ? ಮೊದಲನೆಯದಕ್ಕೆ ಮೂತ್ರಪರೀಕ್ಷೆ ಬೇಕು. ಎರಡನೆಯದಾದರೆ ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮುಂಚೆ ನೀವೇ ಕರೆದೊಯ್ದು, ಒರಟು ನೆಲದ ಒಂದೇ ಜಾಗದಲ್ಲಿ ಸೊಂಟಕ್ಕೆ ಕೈ ಆಸರೆ ಕೊಟ್ಟು ನಿಲ್ಲಿಸಿದರೆ ಆಯಿತು.

ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವನ್ನು ದತ್ತು ಕೊಡುವವರು ಹೇಳುವುದುಂಟು. ನೆಟ್ಟಗಿರುವ ನಾಯಿಯ ಮಟ್ಟಿಗೂ ಅದು ಅಂದಾಜೇ. ತನ್ನ ಕಾಲನ್ನೇ ನಂಬಲಾರದ ನಾಯಿ ಹೊಸ ಜನರನ್ನು ನಂಬುವ ಮೊದಲು ಹೊಸ ನೆಲವನ್ನು ನಂಬಬೇಕಾಗುತ್ತದೆ. ಹನ್ನೆರಡು ದಿನ ಏನೇನೂ ಅಲ್ಲ.

ಪ್ರಶ್ನೆ: ನಾಲ್ಕು ವರ್ಷದ ಗಂಡುನಾಯಿಗೆ ಫಿಟ್ಸ್ ಇದೆ ಎಂದು ತಿಳಿದೇ ತಂದೆವು. ದಿನಕ್ಕೆ ಎರಡು ಸಲ ಫಿನೋಬಾರ್ಬಿಟೋನ್ ಮಾತ್ರೆ. ಅಲ್ಲಿ ಎರಡು ತಿಂಗಳಿಂದ ಫಿಟ್ಸ್ ಬಂದಿರಲಿಲ್ಲವಂತೆ. ನಮ್ಮಲ್ಲಿ ಮೂರು ವಾರದಲ್ಲಿ ಎರಡು ಸಲ ಬಂತು. ಎರಡನೆಯ ಸಲ ನಮ್ಮ ಹಳೆಯ ನಾಯಿ ಅದರ ಮೇಲೆ ಎರಗಿತು. ನಾಲಿಗೆ ನುಂಗೀತೆಂದು ಮನೆಯವರು ಬಾಯಿಗೆ ಚಮಚ ಇಡಲು ಹೊರಟಿದ್ದರು. ಫಿಟ್ಸ್ ನಿಂತ ಮೇಲೂ ಒಂದು ಗಂಟೆ ನಮ್ಮ ಗುರುತೇ ಇಲ್ಲದಂತೆ ಗೋಡೆಗೆ ಢಿಕ್ಕಿ ಹೊಡೆಯುತ್ತ ಸುತ್ತುತ್ತಿತ್ತು. ಒಂದು ಹೊತ್ತಿನ ಮಾತ್ರೆ ತಪ್ಪಿದ್ದೂ ನಿಜ. ಇದಕ್ಕೆಲ್ಲ ನಮ್ಮ ಮನೆಯೇ ಕಾರಣವೇ?

ಉತ್ತರ: ತಪ್ಪಿದ ಮಾತ್ರೆ ಕಾರಣವಾಗಿರಬಹುದು, ಜಾಗ ಬದಲಾದ ಒತ್ತಡ, ನಿದ್ದೆಗೇಡು ಕೂಡ ಇರಬಹುದು. ಏನೂ ಕಾರಣವಿಲ್ಲದೆಯೂ ಅಪಸ್ಮಾರದ ನಾಯಿಗೆ ಫಿಟ್ಸ್ ಬರುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಂಡುಬಿಡಿ, ಇಲ್ಲದಿದ್ದರೆ ಪ್ರತಿ ಸಲವೂ ಮನೆಯಲ್ಲಿ ಒಬ್ಬರನ್ನೊಬ್ಬರು ದೂರುವುದೇ ಆಗುತ್ತದೆ.

ಫಿನೋಬಾರ್ಬಿಟೋನ್ ಹಳೆಯ ಔಷಧಿ. ಮನುಷ್ಯರ ಅಪಸ್ಮಾರಕ್ಕೆ ಅದು 1912ರಿಂದ ಬಳಕೆಯಲ್ಲಿದೆ. ಹಳೆಯದೆಂದು ಕಡೆಗಣಿಸಬೇಡಿ, ನಾಯಿಗಳಲ್ಲಿ ಇಂದಿಗೂ ಮೊದಲು ಕೈಗೆತ್ತಿಕೊಳ್ಳುವ ಔಷಧಿಗಳಲ್ಲಿ ಅದೂ ಒಂದು. ಆದರೆ ಅದಕ್ಕೆ ಹೊತ್ತಿನ ಶಿಸ್ತು ಬೇಕು. 12 ಗಂಟೆಗಳಿಗೊಮ್ಮೆ ಎಂದರೆ 12 ಗಂಟೆಗಳಿಗೊಮ್ಮೆಯೇ. ಶುರು ಮಾಡಿದ ಅಥವಾ ಪ್ರಮಾಣ ಬದಲಿಸಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಒಂದು ಹದಕ್ಕೆ ನಿಲ್ಲಲು ಸುಮಾರು ಎರಡು ವಾರ ಬೇಕು. ಆ ಎರಡು ವಾರ ನಾಯಿ ಮಂಪರಾಗಿ, ಹಿಂಗಾಲು ಸಡಿಲವಾಗಿ ಕಂಡರೆ ರೋಗ ಉಲ್ಬಣಿಸಿತೆಂದು ಗಾಬರಿಯಾಗಬೇಡಿ. ಹಸಿವು, ಬಾಯಾರಿಕೆ, ಮೂತ್ರ ಮೂರೂ ಹೆಚ್ಚುತ್ತವೆ; ಹೆಚ್ಚು ಊಟ ಹಾಕಿದರೆ ತೂಕ ಏರಿ ಇನ್ನೊಂದು ತಲೆನೋವು. ಎಂಥ ಸಂದರ್ಭದಲ್ಲೂ ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ, ಹಾಗೆ ನಿಲ್ಲಿಸುವುದೇ ದೊಡ್ಡ ಫಿಟ್ಸ್‌ಗೆ ದಾರಿ. ಮನೆಯಲ್ಲಿ ಕನಿಷ್ಠ ಎರಡು ವಾರದ ಮಾತ್ರೆ ದಾಸ್ತಾನಿರಲಿ. ರಕ್ತದಲ್ಲಿನ ಔಷಧಿಯ ಮಟ್ಟ ಮತ್ತು ಯಕೃತ್ತಿನ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿಸುವುದು ವಾಡಿಕೆ. ಮುಂದೆ ವೈದ್ಯರು ಇದರ ಜೊತೆಗೆ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿದರೆ, ಊಟದಲ್ಲಿನ ಉಪ್ಪು ದಿನದಿಂದ ದಿನಕ್ಕೆ ಬದಲಾಗದಂತೆ ನೋಡಿಕೊಳ್ಳಿ. ಉಪ್ಪು ಹೆಚ್ಚಾದರೆ ಆ ಔಷಧಿ ಮೂತ್ರದಲ್ಲಿ ಬೇಗ ಹೊರಹೋಗುತ್ತದೆ.

ಫಿಟ್ಸ್ ಬಂದಾಗ ನೋಡಬೇಕಾದದ್ದು ಗಡಿಯಾರ. ನಾಯಿ ನಾಲಿಗೆಯನ್ನು ನುಂಗುವುದಿಲ್ಲ, ಚಮಚ ಇಟ್ಟವರ ಬೆರಳು ಮಾತ್ರ ಹಲ್ಲಿಗೆ ಸಿಕ್ಕುತ್ತದೆ. ತಲೆಗೆ ತಾಗುವಂಥ ವಸ್ತುಗಳನ್ನು ಸರಿಸಿ, ಮೆಟ್ಟಿಲ ಬಳಿ ಇದ್ದರೆ ಸೊಂಟ ಹಿಡಿದು ಈಚೆಗೆ ಎಳೆಯಿರಿ, ದೀಪ ಮತ್ತು ಸದ್ದು ತಗ್ಗಿಸಿ, ಒಬ್ಬರು ಹೊತ್ತು ನೋಡಲಿ, ಇನ್ನೊಬ್ಬರು ವಿಡಿಯೊ ತೆಗೆಯಲಿ. ನಮ್ಮ ಅಂದಾಜಿಗೆ ಹತ್ತು ನಿಮಿಷ ಅನ್ನಿಸಿದ್ದು ಗಡಿಯಾರದಲ್ಲಿ ಒಂದೂವರೆ ನಿಮಿಷ ಇರುವುದೇ ಹೆಚ್ಚು. 5 ನಿಮಿಷ ಮೀರಿದರೆ, ಅಥವಾ 24 ಗಂಟೆಗಳೊಳಗೆ ಮತ್ತೊಂದು ಬಂದರೆ, ಅಥವಾ ಎರಡರ ನಡುವೆ ಪ್ರಜ್ಞೆ ಮರಳದಿದ್ದರೆ ಅದು ತುರ್ತುಸ್ಥಿತಿ. ದೇಹದ ಬಿಸಿ ಏರಿ ಮೆದುಳಿಗೆ ಪೆಟ್ಟಾಗುವುದು ಅಂಥ ಹೊತ್ತಿನಲ್ಲೇ. ಅಂಥ ಸಮಯಕ್ಕೆಂದು ಮನೆಯಲ್ಲೇ ಗುದದ್ವಾರದಿಂದ ಕೊಡುವ ಡಯಾಜಿಪಾಮ್ ಅಥವಾ ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಇಟ್ಟುಕೊಳ್ಳಬಹುದೇ, ಎಷ್ಟು ಕೊಡಬೇಕು ಎಂದು ನಿಮ್ಮ ವೈದ್ಯರನ್ನು ಮುಂಚೆಯೇ ಕೇಳಿ ಬರೆಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆದಿರುವ ಆಸ್ಪತ್ರೆ ಯಾವುದೆಂಬುದನ್ನು ಹಗಲಿನಲ್ಲೇ ಹೋಗಿ ನೋಡಿ ಬನ್ನಿ.

ಆಮೇಲಿನ ಒಂದು ಗಂಟೆಯ ಅಲೆದಾಟವೂ ಕಾಯಿಲೆಯ ಭಾಗವೇ. ಕಣ್ಣು ಸರಿಯಾಗಿ ಕಾಣದಿರಬಹುದು, ವಿಪರೀತ ಹಸಿವಾಗಬಹುದು, ಮುಟ್ಟಿದರೆ ಗುರುತಿಸದೆ ಕಚ್ಚಬಹುದು. ಅಪ್ಪಿ ಸಮಾಧಾನಪಡಿಸುವ ಮನಸ್ಸಾದರೂ ದೂರದಿಂದಲೇ ಮೆಲುದನಿಯಲ್ಲಿ ಮಾತನಾಡಿಸಿ. ಪೂರ್ತಿ ಎಚ್ಚರವಾಗಿ ನೆಟ್ಟಗೆ ನಿಲ್ಲುವವರೆಗೆ ಊಟ ಬೇಡ.

ಹಳೆಯ ನಾಯಿ ಎರಗಿದ್ದನ್ನು ಮಾತ್ರ ನೀವು ಹಗುರವಾಗಿ ಬಿಡಬಾರದು. ಒದ್ದಾಡುವ ನಾಯಿಯನ್ನು ಕಂಡು ಜೊತೆಗಿರುವ ನಾಯಿ ಕೆರಳುವುದುಂಟು, ವರ್ಷಗಟ್ಟಲೆ ಸ್ನೇಹದಿಂದಿದ್ದ ನಾಯಿಯೂ ಇದಕ್ಕೆ ಹೊರತಲ್ಲ. ಬೈದು ಕಲಿಸುವ ವಿಷಯ ಇದಲ್ಲ. ನೀವು ಎಚ್ಚರವಾಗಿ ಅದೇ ಕೋಣೆಯಲ್ಲಿ ಇಲ್ಲದ ಹೊತ್ತಿನಲ್ಲೆಲ್ಲ, ರಾತ್ರಿ ಮಲಗುವಾಗಲೂ, ಇವೆರಡರ ನಡುವೆ ಮುಚ್ಚಿದ ಬಾಗಿಲಿರಲಿ.

ಪ್ರಶ್ನೆ: ನಮ್ಮ ಹೊಸ ನಾಯಿ ತಿನ್ನುವಾಗ ಬಟ್ಟಲಿನ ಎಡ ಅರ್ಧವನ್ನು ಹಾಗೆಯೇ ಬಿಡುತ್ತದೆ. ಹಸಿವಿದೆ, ಆದರೆ ಅಲ್ಲಿರುವುದನ್ನು ಮುಟ್ಟುವುದಿಲ್ಲ. ನಡೆಯುವಾಗ ಯಾವಾಗಲೂ ಬಲಕ್ಕೆ ಸುತ್ತುತ್ತದೆ. ರುಚಿ ಹಿಡಿಸುತ್ತಿಲ್ಲವೇ?

ಉತ್ತರ: ಬಟ್ಟಲನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಉಳಿದದ್ದನ್ನು ಆಗತಾನೇ ಬಡಿಸಿದಂತೆ ತಿನ್ನುತ್ತದೆ. ದೊಡ್ಡ ಮೆದುಳಿನ ಬಲಭಾಗಕ್ಕೆ ಪೆಟ್ಟಾದ ನಾಯಿಗೆ ಎಡಗಡೆಯ ಲೋಕ ಇದ್ದೂ ಇಲ್ಲದಂತೆ. ಅದು ಪೆಟ್ಟಾದ ಬಲಕ್ಕೇ ಸುತ್ತುತ್ತದೆ. ಇದು ರುಚಿಯ ಮಾತಲ್ಲ, ಹಟವೂ ಅಲ್ಲ. ಹತ್ತಿರ ಹೋಗುವಾಗ, ಮುಟ್ಟುವಾಗ, ಹಾರ್ನೆಸ್ ಹಾಕುವಾಗ ಎಲ್ಲರೂ ಬಲಗಡೆಯಿಂದಲೇ ಹೋಗಿ. ಕರೆದೊಯ್ಯುವಾಗ ವಾಹನಗಳು ಅದರ ಎಡಕ್ಕೆ ಬರದ ಹಾಗೆ, ಆ ಬದಿಯಲ್ಲಿ ನೀವು ನಡೆಯಿರಿ. ಈ ಸುತ್ತುವಿಕೆಗೆ ಕಾರಣ ಏನೆಂದು ಪತ್ತೆಯಾಗಿರದಿದ್ದರೆ ವೈದ್ಯರಿಗೆ ತೋರಿಸುವುದನ್ನು ತಡಮಾಡಬೇಡಿ. ಹಳೆಯ ಪೆಟ್ಟಿನ ಗುರುತಾದರೆ ಆತುರವಿಲ್ಲ. ಉರಿಯೂತ ಅಥವಾ ಗೆಡ್ಡೆಯಾಗಿದ್ದರೆ ದಿನಗಳಿಗೆ ಬೆಲೆಯಿದೆ.

ಪ್ರಶ್ನೆ: ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯಿಂದ ಬದುಕುಳಿದ ಮರಿಯನ್ನು ದತ್ತು ಪಡೆಯಲಿದ್ದೇವೆ. ಒಂದು ಮುಂಗಾಲು ಮತ್ತು ದವಡೆ ಗಡಿಯಾರದ ಮುಳ್ಳಿನಂತೆ ಲಯಬದ್ಧವಾಗಿ ಸೆಳೆಯುತ್ತವೆ, ನಿದ್ದೆಯಲ್ಲೂ ನಿಲ್ಲುವುದಿಲ್ಲ. ಮನೆಯಲ್ಲಿ ಇನ್ನೊಂದು ನಾಯಿಯೂ ಸಣ್ಣ ಮಗುವೂ ಇವೆ. ಹರಡುತ್ತದೆಯೇ? ಸೆಳೆತಕ್ಕೆ ನೋವಾಗುತ್ತದೆಯೇ?

ಉತ್ತರ: ಮಗುವಿಗೆ ಹರಡುವ ಭಯವಿಲ್ಲ, ಡಿಸ್ಟೆಂಪರ್ ಮನುಷ್ಯರ ಕಾಯಿಲೆಯಲ್ಲ. ಇನ್ನೊಂದು ನಾಯಿಯ ಮಾತು ಬೇರೆ. ಚೇತರಿಸಿಕೊಂಡಂತೆ ಕಾಣುವ ನಾಯಿಯೂ ಕೆಲವು ವಾರ, ಒಮ್ಮೊಮ್ಮೆ ಎರಡು ಮೂರು ತಿಂಗಳವರೆಗೆ, ವೈರಸ್ಸನ್ನು ಹೊರಬಿಡಬಲ್ಲದು. ಆದ್ದರಿಂದ ಹಳೆಯ ನಾಯಿಯ ಲಸಿಕೆ ಪೂರ್ತಿಯಾಗಿದೆಯೇ ಎಂದು ಖಚಿತಪಡಿಸಿಕೊಂಡು, ಅವಧಿ ಕಳೆದಿದ್ದರೆ ಮತ್ತೆ ಹಾಕಿಸಿ, ವೈದ್ಯರು ಒಪ್ಪಿದ ಮೇಲೆಯೇ ಮರಿಯನ್ನು ಮನೆಗೆ ತನ್ನಿ. ಲಸಿಕೆಯಾಗದ ಮರಿಗಳಿರುವ ಮನೆಗೆ ಸದ್ಯ ಅದನ್ನು ಕರೆದೊಯ್ಯಬೇಡಿ. ವೈರಸ್ ಹೊರಗಿನ ಗಾಳಿ ಬಿಸಿಲಿನಲ್ಲಿ ಬಹಳ ದಿನ ಬದುಕುವುದಿಲ್ಲ, ಸಾಮಾನ್ಯ ಸೋಂಕುನಿವಾರಕಗಳಿಗೂ ಬಗ್ಗುತ್ತದೆ.

ನೀವು ಹೇಳಿದ ಸೆಳೆತ ಈ ಕಾಯಿಲೆಯ ಗುರುತೇ ಎನ್ನಬಹುದು. ಅದು ಫಿಟ್ಸ್ ಅಲ್ಲ, ಪ್ರಜ್ಞೆಗೆ ಧಕ್ಕೆ ಇರುವುದಿಲ್ಲ. ಬಹುಪಾಲು ನಾಯಿಗಳಲ್ಲಿ ಅದು ಉಳಿದೇಬಿಡುತ್ತದೆ, ಮಾತ್ರೆಗಳಿಂದ ಆಗುವ ಗುಣ ಅಷ್ಟಕ್ಕಷ್ಟೇ. ಸೆಳೆತವೇ ನೋವಾಗಿ ಕಾಡುವಂತೆ ಕಾಣುವುದಿಲ್ಲ. ನಾಯಿ ಆ ಕಾಲಿನಲ್ಲೇ ಆಡುತ್ತದೆ, ಅದು ಸೆಳೆಯುತ್ತಿರುವಾಗಲೇ ನಿದ್ದೆ ಹೋಗುತ್ತದೆ. ಆದರೆ ದಿನವಿಡೀ ನೆಲಕ್ಕೆ ಬಡಿಯುವ ಮೊಣಕೈಗೆ ಗಾಯವಾಗುತ್ತದೆ, ದಣಿವೂ ಹೆಚ್ಚು. ದಪ್ಪ ಹಾಸಿಗೆ, ಹೆಚ್ಚು ನಿದ್ದೆ, ಸ್ವಲ್ಪ ಹೆಚ್ಚಿನ ಊಟ ಬೇಕಾಗಬಹುದು. ಹೊಸ ಹಲ್ಲುಗಳ ಮೇಲ್ಪದರ ಕುಳಿಬಿದ್ದು ಕಂದಾಗಿದ್ದರೆ ಅದೂ ಇದೇ ರೋಗದ ಬಳುವಳಿ, ತೊಳೆದರೆ ಹೋಗುವ ಕೊಳೆಯಲ್ಲ. ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಇನ್ನೊಂದು ಸಂಗತಿ: ಮೊದಲ ಜ್ವರ ಕಳೆದು ವಾರಗಳು, ತಿಂಗಳುಗಳಾದ ಮೇಲೂ ಹೊಸ ನರಲಕ್ಷಣಗಳು ಕಾಣಿಸಿಕೊಳ್ಳಬಹುದು. ಸೆಳೆತ ಇನ್ನೊಂದು ಕಾಲಿಗೂ ಹಬ್ಬಿದರೆ ಅಥವಾ ಫಿಟ್ಸ್ ಶುರುವಾದರೆ ಮರುದಿನಕ್ಕೆಂದು ಕಾಯಬೇಡಿ.

ಪ್ರಶ್ನೆ: ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಹಿಂಗಾಲು ಎರಡೂ ಸೋತ ನಾಯಿಯನ್ನು ತಂದ ದಿನವೇ ಗಾಲಿಬಂಡಿ ತರಿಸಿದೆವು. ಅದರಲ್ಲಿ ನಿಲ್ಲಿಸಿದರೆ ಮರದ ಹಾಗೆ ಅಲ್ಲಾಡದೆ ನಿಂತುಬಿಡುತ್ತದೆ.

ಉತ್ತರ: ಗಾಲಿಬಂಡಿಯನ್ನು ಮೂಲೆಗಿಟ್ಟು ಹತ್ತು ದಿನ ಮರೆತುಬಿಡಿ. ಹೊಸ ಮನೆ, ಹೊಸ ಜನ, ಅದರ ಮೇಲೆ ಬೆನ್ನಿಗೆ ಕಟ್ಟಿದ ಸದ್ದು ಮಾಡುವ ವಸ್ತು. ಅಷ್ಟನ್ನೂ ಒಂದೇ ದಿನ ಹೇರಿದರೆ ಕಲ್ಲಾಗುವುದೇ ಅದಕ್ಕಿರುವ ಉಪಾಯ. ಆಮೇಲೆ ಬಂಡಿಯ ಪಕ್ಕದಲ್ಲಿ ಊಟ, ಬಂಡಿಯ ಒಳಗೆ ಊಟ, ಮೂರು ನಿಮಿಷದ ನಿಲುವು, ಹೀಗೆ ಏರಿಸಿಕೊಂಡು ಹೋಗಿ. ಅದರಲ್ಲಿ ಮಲಗಲು ಆಗದಾದ್ದರಿಂದ ಗಂಟೆಗಟ್ಟಲೆ ಕಟ್ಟಿಟ್ಟು ನೀವು ಹೊರಗೆ ಹೋಗುವಂತಿಲ್ಲ.

ನೀವು ಬರೆಯದೆ ಬಿಟ್ಟ ಸಂಗತಿಯೇ ನನಗೆ ಹೆಚ್ಚು ಚಿಂತೆ ತಂದಿದೆ: ಮೂತ್ರ. ಹಾಸಿಗೆ ಒದ್ದೆಯಾಗುತ್ತಿದ್ದರೆ ಮೂತ್ರ ಹೋಗುತ್ತಿದೆ ಎಂದೇ ಅರ್ಥವಲ್ಲ; ತುಂಬಿದ ಚೀಲದಿಂದ ಹೆಚ್ಚಾದದ್ದು ತುಳುಕುತ್ತಿರಬಹುದು. ಹಾಗಿದ್ದಲ್ಲಿ ಹೊಟ್ಟೆಯ ಮೇಲಿನಿಂದ ಒತ್ತಿ ಮೂತ್ರಕೋಶವನ್ನು ದಿನಕ್ಕೆ ಮೂರು ನಾಲ್ಕು ಸಲ ಬರಿದು ಮಾಡಬೇಕಾಗುತ್ತದೆ. ಇದನ್ನು ಓದಿ ಕಲಿಯಲು ಆಗದು. ವೈದ್ಯರು ತಮ್ಮ ಕೈಯನ್ನು ನಿಮ್ಮ ಕೈಯ ಮೇಲಿಟ್ಟು, ಒಳಗೆ ನೀರು ತುಂಬಿದ ಬಲೂನಿನಂತೆ ಸಿಕ್ಕುವುದು ಯಾವುದೆಂದು ತೋರಿಸಿಕೊಡಬೇಕು; ನಾಲ್ಕು ದಿನದಲ್ಲಿ ಕೈ ಪಳಗುತ್ತದೆ. ಮೂತ್ರ ಕದಡಿದ್ದರೆ, ನಾತ ಬದಲಾದರೆ, ರಕ್ತ ಕಂಡರೆ ಅದು ಸೋಂಕು. ಮಲಗಿದಲ್ಲಿ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಸೊಂಟದ ಎಲುಬಿನ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಿ. ಮಡಚಿಕೊಂಡು ಎಳೆದಾಡುವ ಪಾದದ ಮೇಲ್ಭಾಗ ಸವೆದು ಹುಣ್ಣಾದರೂ ಸ್ಪರ್ಶವಿಲ್ಲದ ನಾಯಿಗೆ ಅದು ಗೊತ್ತಾಗುವುದಿಲ್ಲ.

ಪ್ರಶ್ನೆ: ಫಿಟ್ಸ್ ಇರುವ ನಾಯಿಗೆ ಉಣ್ಣೆಯ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳದ) ಮಾತ್ರೆ ಕೊಡಬಹುದೇ?

ಉತ್ತರ: ಕೇಳಿ ಕೊಡಿ, ಅಂಗಡಿಯಿಂದ ತಂದು ಕೊಡಬೇಡಿ. ಅಫೊಕ್ಸೊಲೇನರ್, ಫ್ಲುರಲೇನರ್ ಮೊದಲಾದ ಗುಂಪಿನ ಉಣ್ಣೆನಾಶಕಗಳಿಂದ ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಬಹುತೇಕ ನಾಯಿಗಳಿಗೆ ಇವು ನಿರುಪದ್ರವಿಯೇ. ಆದರೆ ಹಿಂದೆ ಫಿಟ್ಸ್ ಬಂದ ನಾಯಿಗೆ ಬೇರೆ ಗುಂಪಿನದನ್ನು ಆರಿಸುವುದು ಲೇಸು. ಕೋಲಿ ತಳಿ ಅಥವಾ ಅದರ ಬೆರಕೆಯಾದರೆ ಐವರ್ಮೆಕ್ಟಿನ್ ಎಂಬ ಹುಳುನಾಶಕ ಔಷಧಿಯ ಬಗ್ಗೆಯೂ ಎಚ್ಚರವಿರಲಿ: ಅವುಗಳಲ್ಲಿ ಬಹಳಷ್ಟಕ್ಕೆ ಔಷಧಿಯನ್ನು ಮೆದುಳಿನಿಂದ ಹೊರದಬ್ಬುವ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ದೋಷವಿರುತ್ತದೆ. ಮನುಷ್ಯರ ಸಕ್ಕರೆರಹಿತ ತಿನಿಸುಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿಕಾರಕ ಯಾವ ನಾಯಿಗೂ ಬೇಡ. ಅದು ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಿ ಫಿಟ್ಸ್ ಬರಿಸುತ್ತದೆ.

ಪ್ರಶ್ನೆ: ನಾಯಿಯನ್ನು ತಂದು ಎರಡು ತಿಂಗಳಾಯಿತು. ಕೊಟ್ಟ ಕಾಗದದಲ್ಲಿ ‘ನರದ ಸಮಸ್ಯೆ’ ಎಂದಷ್ಟೇ ಇದ್ದುದರಿಂದ ಮೊದಲ ತಿಂಗಳೆಲ್ಲ ತಡಕಾಡಿದೆವು. ನಾಯಿಯ ಮೇಲೆ ಪ್ರೀತಿ ಇದೆ, ಆದರೆ ರಾತ್ರಿ ನಿದ್ದೆಯಿಲ್ಲ, ಮನೆಯಲ್ಲಿ ಇನ್ನೊಬ್ಬ ಕಾಯಿಲೆಯವರಿದ್ದಾರೆ. ಹಿಂದಿರುಗಿಸುವ ಯೋಚನೆ ಬಂದಾಗಲೆಲ್ಲ ನಾಚಿಕೆಯಾಗುತ್ತದೆ. ಅದು ನರಳುತ್ತಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತಿಲ್ಲ.

ಉತ್ತರ: ನರಳುತ್ತಿದೆಯೇ ಎಂಬ ಪ್ರಶ್ನೆಗೆ ನಡಿಗೆಯನ್ನು ನೋಡಿ ಉತ್ತರ ಕಂಡುಕೊಳ್ಳಬೇಡಿ, ನಮ್ಮ ಕಣ್ಣಿಗೆ ಸಂಕಟವಾಗಿ ಕಾಣುವ ತೂರಾಟ ಅದರ ಪಾಲಿಗೆ ಬರಿಯ ನಡಿಗೆ ಇರಬಹುದು. ಊಟದ ಹೊತ್ತಿಗೆ ತಲೆ ಎತ್ತುತ್ತದೆಯೇ, ತಾನಾಗಿ ನಿಮ್ಮ ಹತ್ತಿರ ಬರುತ್ತದೆಯೇ, ಮಲಗಿದರೆ ನೆಮ್ಮದಿಯಿಂದ ನಿದ್ರಿಸುತ್ತದೆಯೇ, ಒಡಲನ್ನು ಚೊಕ್ಕಟವಾಗಿಡಲು ಆಗುತ್ತಿದೆಯೇ? ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಪ್ರತಿದಿನ ‘ಒಳ್ಳೆಯ ದಿನ’, ‘ಕೆಟ್ಟ ದಿನ’ ಎಂದು ಗುರುತು ಹಾಕಿ. ಕೆಟ್ಟ ದಿನಗಳೇ ಹೆಚ್ಚಾಗುತ್ತಿದ್ದರೆ ಆ ಕ್ಯಾಲೆಂಡರನ್ನು ವೈದ್ಯರ ಮುಂದಿಟ್ಟು, ಮುಚ್ಚುಮರೆಯಿಲ್ಲದೆ, ದಯಾಮರಣದ ಮಾತನ್ನೂ ಸೇರಿಸಿ ಮಾತನಾಡಿ. ರಾತ್ರಿಯ ಅಲೆದಾಟಕ್ಕೆ ಎಷ್ಟೋ ಸಲ ಮದ್ದಿರುತ್ತದೆ. ಮಾತ್ರೆಯ ಹೊತ್ತನ್ನು ಸರಿಹೊಂದಿಸುವುದರಿಂದ, ಸಣ್ಣ ದೀಪವೊಂದನ್ನು ಉರಿಸಿಡುವುದರಿಂದ ತಹಬಂದಿಗೆ ಬಂದದ್ದನ್ನು ಕಂಡಿದ್ದೇನೆ. ಅದನ್ನು ಪ್ರಯತ್ನಿಸದೆ ತೀರ್ಮಾನಕ್ಕೆ ಬರಬೇಡಿ.

ಅದೆಲ್ಲ ಮಾಡಿಯೂ ಆಗಲಿಲ್ಲವೆಂದರೆ ಹಿಂದಿರುಗಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಇಬ್ಬರು ರೋಗಿಗಳನ್ನು ನಿದ್ದೆಗೆಟ್ಟು ನೋಡಿಕೊಳ್ಳುವ ಮನೆಯಲ್ಲಿ ಮಾತ್ರೆ ತಪ್ಪುತ್ತದೆ, ಹುಣ್ಣು ಕಣ್ಣಿಗೆ ಬೀಳುವುದಿಲ್ಲ. ಆದರೆ ಬರಿಗೈಯಲ್ಲಿ ಕಳಿಸಬೇಡಿ. ವಿಡಿಯೊಗಳನ್ನು, ಫಿಟ್ಸ್ ಬಂದ ದಿನಗಳ ಪಟ್ಟಿಯನ್ನು, ಮಾತ್ರೆಯ ಹೊತ್ತನ್ನು, ಅದು ಒರಗಿ ತಿನ್ನುವುದು ಯಾವ ಗೋಡೆಗೆ, ಯಾವ ಬದಿಯಿಂದ ಮುಟ್ಟಿದರೆ ಬೆಚ್ಚುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹಾರ್ನೆಸ್ಸಿನ ಜೊತೆಗೇ ಕೊಡಿ. ಕಾಗದದಲ್ಲಿ ‘ನರದ ಸಮಸ್ಯೆ’ ಎಂಬ ಎರಡೇ ಪದಗಳಿದ್ದುದರಿಂದ ನೀವು ಮೊದಲ ತಿಂಗಳು ಎಷ್ಟು ತಡಕಾಡಿದಿರೆಂದು ನಿಮ್ಮ ಪತ್ರದಲ್ಲೇ ಬರೆದಿದ್ದೀರಿ. ಮುಂದೆ ತೆಗೆದುಕೊಳ್ಳುವವರು ಅಲ್ಲಿಂದಲೇ ಶುರು ಮಾಡಬೇಕಾಗುವುದಿಲ್ಲ.